ಬರದ ವರ್ಷಗಳಲ್ಲಿ ನನ್ನ ಇನ್ನೊಂದು ಕೆಲಸ

ಜುಲೈ ಮುಗಿಯುತ್ತಾ ಬಂದ ಹಾಗೆ ನಾನು ಪೇಪರಿನಲ್ಲಿ ಮೊದಲು ಹುಡುಕುವುದು ಕೆಆರ್‌ಎಸ್ ಮಟ್ಟ. 124.80 ಅಡಿ ತುಂಬಿದರೆ ಆ ವರ್ಷ ಬಾಗಿನ, ಫೋಟೊ, ಎಲ್ಲರಿಗೂ ಖುಷಿ. ಆಗಸ್ಟ್ ಅರ್ಧ ಕಳೆದರೂ ನೂರರ ಆಸುಪಾಸಿನಲ್ಲೇ ನಿಂತಿದ್ದರೆ ನನಗೆ ಎರಡು ಕೆಲಸ ಜಾಸ್ತಿಯಾಗುತ್ತವೆ.

ಒಂದು ಅಂಗಡಿ ಕೆಲಸ. ನಾನು ಮೋಟರ್ ವೈಂಡಿಂಗ್ ಮಾಡುವವನು. ಮಳೆ ಕೈಕೊಟ್ಟರೆ ಎಲ್ಲರೂ ಬೋರ್‌ವೆಲ್ ಓಡಿಸುತ್ತಾರೆ, ವೋಲ್ಟೇಜ್ ಇಳಿಯುತ್ತದೆ, ಮೋಟರ್ ಸುಡುತ್ತದೆ. ಬಿಡದಿ, ರಾಮನಗರ, ಮದ್ದೂರು ಕಡೆಯಿಂದ ಗೂಡ್ಸ್ ಆಟೊದಲ್ಲಿ ತುಂಬಿಕೊಂಡು ಬರುತ್ತಾರೆ. ಬರ ಬಂದರೆ ನನ್ನ ಅಂಗಡಿಗೆ ವ್ಯಾಪಾರ, ನನ್ನ ಬೀದಿಗೆ ಭಯ. ಎರಡನೇ ಕೆಲಸ ಆ ಭಯದ್ದು. ಪಶ್ಚಿಮ ಬೆಂಗಳೂರಿನ ನಮ್ಮ ಏರಿಯಾದಲ್ಲಿ ಕಾವೇರಿ ಹೆಸರು ಹೇಳಿಕೊಂಡು ಯಾರೂ ಯಾರಿಗೂ ಹೊಡೆಯದ ಹಾಗೆ ನೋಡಿಕೊಳ್ಳುವುದು. ಇದಕ್ಕೆ ಸಂಘ ಇಲ್ಲ, ರಸೀದಿ ಪುಸ್ತಕ ಇಲ್ಲ. ಏಳೆಂಟು ಜನ ಇದ್ದೇವೆ ಅಷ್ಟೆ. ಹೇಗೆ ಮಾಡುತ್ತೀರಿ ಅಂತ ಬೇರೆ ಏರಿಯಾದವರು ಕೇಳುತ್ತಿರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಮಾತು ತಮಿಳು. ಅಪ್ಪ ಧರ್ಮಪುರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ನಾನು ಹುಟ್ಟಿದ್ದು ಇಲ್ಲೇ, ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಲೆಕ್ಕ ಹಾಕುವುದು, ಬೈಯುವುದು ಎರಡೂ ಕನ್ನಡದಲ್ಲೇ.

1991ರದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕು ಅಂತ ಕಾವೇರಿ ನ್ಯಾಯಮಂಡಳಿ ಜೂನ್ 25ಕ್ಕೆ ಮಧ್ಯಂತರ ಆದೇಶ ಕೊಟ್ಟಿತ್ತು. ಬಂಗಾರಪ್ಪನವರ ಸರ್ಕಾರ ಸುಗ್ರೀವಾಜ್ಞೆ ತಂದಿತು, ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಡಿಸೆಂಬರ್ 11ಕ್ಕೆ ಆದೇಶ ಕೇಂದ್ರದ ಗೆಜೆಟ್‌ನಲ್ಲಿ ಬಂತು. ಮಾರನೇ ದಿನದಿಂದ ಊರು ಹೊತ್ತಿಕೊಂಡಿತು. ಜನ ಸತ್ತರು, ಸಾವಿರಾರು ತಮಿಳರು ಮನೆ ಬಿಟ್ಟು ಹೋದರು.

ನಮ್ಮ ವಠಾರಕ್ಕೆ ಬಂದವರು ನಮ್ಮ ಬೀದಿಯವರಲ್ಲ. "ಕನ್ನಡದವರೇನ್ರೋ?" ಅಂದರು. "ಹೌದಣ್ಣ" ಅಂದೆ. ನನ್ನ ಮಾತು ಕೇಳಿ ಹೊರಟೇಬಿಟ್ಟಿದ್ದರು. ಒಬ್ಬ ಮಾತ್ರ ಬಗ್ಗಿ ಒಳಗೆ ನೋಡಿದ. ಗೋಡೆಯ ಮೇಲೆ ತಮಿಳು ಕ್ಯಾಲೆಂಡರ್ ಇತ್ತು. ದಿನಕ್ಕೊಂದು ಹಾಳೆ ಹರಿಯುವಂಥದ್ದು, ರಾಹುಕಾಲ ನೋಡಲು ಅಮ್ಮ ತರಿಸಿಕೊಳ್ಳುತ್ತಿದ್ದಳು. ರಾಡು ತಲೆಗೆ ಬರುತ್ತಿತ್ತು, ಎಡಗೈ ಅಡ್ಡ ಕೊಟ್ಟೆ. ಮೊಣಕೈ ಮುರಿಯಿತು. ಎದುರುಮನೆ ಅಜ್ಜಿ ನನ್ನನ್ನೂ ಅಮ್ಮನನ್ನೂ ಒಳಗೆಳೆದುಕೊಂಡು ಬಾಗಿಲಿಗೆ ಅಡ್ಡ ನಿಂತರು. "ಒಳಗೆ ಬಾಣಂತಿ ಇದಾಳೆ, ಹೊಸಲು ದಾಟಿದ್ರೆ ಚೆನ್ನಾಗಿರಲ್ಲ" ಅಂದರು. ಆ ಮನೆಯಲ್ಲಿ ಬಾಣಂತಿ ಯಾರೂ ಇರಲಿಲ್ಲ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ವಾಪಸಾದರು. ನಮ್ಮ ಮನೆ ಸಾಮಾನನ್ನೆಲ್ಲ ಬೀದಿಗೆ ಹಾಕಿ ಸುಟ್ಟು ಹೋದರು.

ನನ್ನ ಕೆಲಸದ ಬೀಜ ಬಿದ್ದಿದ್ದು ಅವತ್ತಲ್ಲ. ಕೈಗೆ ಪಟ್ಟಿ ಹಾಕಿಸಿಕೊಂಡು ಧರ್ಮಪುರಿಗೆ ಹೋದಾಗ. ನೆಂಟರ ಹುಡುಗರು ನನ್ನನ್ನು ಜಗಲಿ ಮೇಲೆ ಕೂರಿಸಿದರು. ಬಂದವರಿಗೆಲ್ಲ ನನ್ನ ಕೈ ತೋರಿಸಿದರು. ಸಂಜೆಯ ಹೊತ್ತಿಗೆ ಒಂದಷ್ಟು ಜನ ಸೇರಿ, ಹೈವೇಗೆ ಹೋಗಿ ಕರ್ನಾಟಕದ ಲಾರಿ ತಡೆಯೋಣ ಅಂತ ಎದ್ದರು. ನನ್ನ ಮಾವ ಬೈದು ಕೂರಿಸಿದ್ದಕ್ಕೆ ಆಯಿತು. ಇಲ್ಲದಿದ್ದರೆ ಹಾಸನದ್ದೋ ಮಂಡ್ಯದ್ದೋ ಒಬ್ಬ ಡ್ರೈವರ್ ನನ್ನ ಮೊಣಕೈ ದೆಸೆಯಿಂದ ಒದೆ ತಿನ್ನುತ್ತಿದ್ದ. ಪೆಟ್ಟು ತಿಂದವನ ಕಥೆಯೂ ಪೆಟ್ರೋಲೇ. ಅದನ್ನು ಯಾರು, ಯಾವಾಗ, ಯಾರ ಮುಂದೆ ಹೇಳುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಆಮೇಲೆ ನಾನು ಮಾಡಿದ್ದೆಲ್ಲ ಈ ಒಂದು ವಿಷಯದ ಸುತ್ತಲೇ.

ವಾಪಸ್ ಬಂದು ಎಷ್ಟೋ ವರ್ಷ ಬಾಯಿ ಬಿಡಲಿಲ್ಲ. ಬಿಟ್ಟಿದ್ದು 2000ದಲ್ಲಿ. ಜುಲೈ 30ಕ್ಕೆ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಎತ್ತಿಕೊಂಡು ಹೋದ. ಅವರು ಬಿಡುಗಡೆಯಾಗಿದ್ದು 108 ದಿನದ ಮೇಲೆ. ನಮ್ಮ ಬೀದಿಯಲ್ಲಿ ಅರ್ಧ ಜನ ಮೂಟೆ ಕಟ್ಟುತ್ತಿದ್ದರು. ನಾನು ಸೀದಾ ಅಭಿಮಾನಿ ಸಂಘದ ಅಧ್ಯಕ್ಷರ ಮನೆಗೆ ಹೋದೆ. ಅವರು ನನಗೆ ಗೊತ್ತಿದ್ದವರೇ, ಇಬ್ಬರೂ ಮೊದಲ ದಿನ ಮೊದಲ ಶೋ ನೋಡಿ ಬೆಳೆದವರು. "ಅಣ್ಣಾವ್ರು ನಮಗೂ ಅಣ್ಣಾವ್ರೇ ಅಲ್ವಾ, ನಮ್ಮ ಬೀದಿಗೆ ಏನೂ ಆಗಬಾರದು" ಅಂದೆ. ಮಾರಮ್ಮನ ಗುಡಿ ಮುಂದೆ ಹುಡುಗರನ್ನೆಲ್ಲ ಸೇರಿಸಿದರು. ಅಲ್ಲೇ ಮೊದಲ ಸಲ ಎಲ್ಲರ ಮುಂದೆ ಮಾತಾಡಿದೆ. ಹಿಂದಿನಿಂದ ಒಬ್ಬ ಕೇಳಿದ, "ಹೊಡೆದವರು ಯಾರು? ಹೆಸರು ಹೇಳಿ, ನೋಡ್ಕೋತೀವಿ." ನನ್ನ ಪರವಾಗಿಯೇ ಕೇಳಿದ್ದು ಪಾಪ! ಹೆಸರು ಗೊತ್ತಿಲ್ಲ, ಗೊತ್ತಿದ್ದರೂ ಹೇಳಲ್ಲ ಅಂದೆ.

ಅವತ್ತಿಂದ ಹೇಳುವ ರೀತಿಯನ್ನು ತಿದ್ದಿಕೊಳ್ಳುತ್ತಾ ಬಂದಿದ್ದೇನೆ. ಕೋಪದಲ್ಲಿ ಕುದಿಯುತ್ತಿರುವ ಗುಂಪಿನ ಮುಂದೆ 1991 ಎತ್ತುವುದಿಲ್ಲ, ಅದು ತಣ್ಣಗಿರುವ ಕಾಲದಲ್ಲಿ, ಶಾಲೆಗಳಿಗೆ ಹೋದಾಗ ಹೇಳುವ ಮಾತು. ಕೈ ಮೊದಲು ತೋರಿಸುವುದಿಲ್ಲ. ರಾಡಿಗೆ ಎರಡು ವಾಕ್ಯ ಸಾಕು, ಅಜ್ಜಿಯ ಬಾಣಂತಿ ಸುಳ್ಳಿಗೆ ಹತ್ತು ವಾಕ್ಯ ಕೊಡುತ್ತೇನೆ. ಹುಡುಗರು ನಗುತ್ತಾರೆ. ನಕ್ಕ ಮೇಲೆ "ನೀವಾಗಿದ್ರೆ ಏನು ಹೇಳಿ ಕಳಿಸ್ತಿದ್ರಿ?" ಅಂತ ಕೇಳುತ್ತೇನೆ. ಒಬ್ಬೊಬ್ಬರು ಒಂದೊಂದು ಉಪಾಯ ಹೇಳುತ್ತಾರೆ. ಹೊಡೆಯುವವನ ಜಾಗದಲ್ಲಿ ತನ್ನನ್ನು ಊಹಿಸಿಕೊಳ್ಳುತ್ತಿದ್ದ ಹುಡುಗ ಬಾಗಿಲಲ್ಲಿ ನಿಂತವಳ ಜಾಗಕ್ಕೆ ಬರುತ್ತಾನೆ. ನನಗೆ ಬೇಕಾದ್ದು ಇಷ್ಟೇ.

ಇನ್ನೊಂದು, ನೀರಿನ ಲೆಕ್ಕ. ಶಾಂತಿ ಶಾಂತಿ ಅಂತ ಭಾಷಣ ಮಾಡಿದರೆ ಆಕಳಿಸುತ್ತಾರೆ. ಬೋರ್ಡಿನ ಮೇಲೆ ಲೆಕ್ಕ ಹಾಕಿದರೆ ಕೂತು ಕೇಳುತ್ತಾರೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಹಾಗಾದರೆ 15,000 ಕ್ಯೂಸೆಕ್ ಹತ್ತು ದಿನ ಬಿಟ್ಟರೆ ಎಷ್ಟು? ಸುಮಾರು 13 ಟಿಎಂಸಿ. ಕೆಆರ್‌ಎಸ್ ಪೂರ್ತಿ ತುಂಬಿದರೆ ಹಿಡಿಯುವುದು 49 ಟಿಎಂಸಿ ಚಿಲ್ಲರೆ. "ಅಯ್ಯೋ, ಕಾಲು ಭಾಗ ಹೋಯ್ತಲ್ಲ!" ಅಂತ ಒಬ್ಬ ಕೂಗುತ್ತಾನೆ. ಹೌದು, ಹೋಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಮಂಡ್ಯದ ರೈತನಿಗೆ ಸಂಕಟ ಇದೆ ಅಂತ ಒಪ್ಪದೆ ಬೆಂಗಳೂರಿನಲ್ಲಿ ಯಾವ ಮಾತೂ ನಡೆಯುವುದಿಲ್ಲ. ಆಮೇಲೆ ಕೇಳುತ್ತೇನೆ, ಬೀದಿಯಲ್ಲಿ ಟೈರ್ ಸುಟ್ಟರೆ ಇದರಲ್ಲಿ ಎಷ್ಟು ಟಿಎಂಸಿ ಉಳಿಯುತ್ತದೆ?

ಇದಕ್ಕೆ ಮದ್ದೂರಿನ ಗೌಡರು ದೊಡ್ಡ ಬಲ. ಮೋಟರ್ ತರುತ್ತಾ ಪರಿಚಯವಾದವರು, ಕಬ್ಬು ಬೆಳೆಗಾರರು. 2003ರಲ್ಲಿ ಎರಡೂ ರಾಜ್ಯದ ರೈತರು 'ಕಾವೇರಿ ಕುಟುಂಬ' ಅಂತ ಮಾಡಿಕೊಂಡು, ಅವರ ಗದ್ದೆಗೆ ಇವರು, ಇವರ ಗದ್ದೆಗೆ ಅವರು ಹೋಗಿ ಬಂದಿದ್ದನ್ನು ಪೇಪರಿನಲ್ಲಿ ಓದಿದ್ದೆ. ರೈತರು ಕೂತು ಮಾತಾಡಬಹುದಾದರೆ ನಮ್ಮ ಬೀದಿಯವರಿಗೇನು ಅನ್ನಿಸಿತು. ಗೌಡರನ್ನು ಕರೆದೆ. ಮೊದಲು "ನಿಮ್ಮ ತಮಿಳರ ಹತ್ರ ನಾನೇನಪ್ಪಾ ಮಾತಾಡ್ಲಿ" ಅಂದರು. ಬಂದ ಮೇಲೆ ನಿಲ್ಲಿಸಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದಲ್ಲಿ ತಮ್ಮ ಜಮೀನು, ತುಂಬಿದ ವರ್ಷವೂ ನೀರು ಅಲ್ಲಿಗೆ ತಲುಪುವ ಗ್ಯಾರಂಟಿ ಇಲ್ಲ ಅಂದರು. ತಂಜಾವೂರು ಕಡೆಯಿಂದ ಬಂದ ಟೈಲರ್ ಒಬ್ಬರು ಇದ್ದಾರೆ. ಅವರು ನಾಗಪಟ್ಟಣದ ಕಡೆ, ಕಾಲುವೆಯ ಕೊನೆಯಲ್ಲಿರುವ ತಮ್ಮ ತಂಗಿ ಮನೆಯವರ ಪಾಡು ಹೇಳಿದರು. ಜೂನ್ 12ಕ್ಕೆ ತಮಿಳುನಾಡಿನ ಮೆಟ್ಟೂರು ಅಣೆಕಟ್ಟೆ ತೆಗೆದರೆ ಕುರುವೈ ಅನ್ನುವ ಭತ್ತದ ಬೆಳೆ ಅಂತೆ, ಇಲ್ಲದಿದ್ದರೆ ಇಲ್ಲ ಅಂತೆ. ಇಬ್ಬರೂ ಸೇರಿ ಮೇಲ್ಭಾಗದ ರೈತರನ್ನು ಬೈದುಕೊಂಡು ಕಾಫಿ ಕುಡಿದರು. ಎಂಥ ಶಾಂತಿ ಸಭೆಯೂ ಇಷ್ಟು ಚೆನ್ನಾಗಿ ನಡೆದಿದ್ದು ನಾನು ನೋಡಿಲ್ಲ.

ಮೂರನೆಯದು ಪಟ್ಟಿ. ಬೇಜಾರಿನ ಕೆಲಸ, ಆದರೆ ಕೊನೆಗೆ ಕೈ ಹಿಡಿಯುವುದು ಇದೇ. ಪ್ರತಿ ಬೀದಿಯಲ್ಲಿ ಹುಡುಗರು ಯಾರ ಮಾತು ಕೇಳುತ್ತಾರೆ, ಅವನ ನಂಬರ್. ಠಾಣೆಯ ಬೀಟ್ ಪೊಲೀಸರ ನಂಬರ್, ಅವರು ವರ್ಗವಾದ ಕೂಡಲೇ ಹೊಸಬರದ್ದು. ಟಿಎನ್ ನಂಬರ್ ಪ್ಲೇಟಿನ ಲಾರಿ, ಟೆಂಪೊ ಯಾರ ಮನೆ ಮುಂದೆ ನಿಲ್ಲುತ್ತವೆ. ಬಂದ್ ಅಂತ ಸುದ್ದಿ ಬಂದ ಸಂಜೆಯೇ ಅವುಗಳನ್ನು ಮರದ ಡಿಪೊ ಒಳಗೆ ಹಾಕಿಸಿ ಗೇಟು ಹಾಕಿಸುತ್ತೇವೆ. ಡಿಪೊ ಯಜಮಾನರು ಪಕ್ಕಾ ಕನ್ನಡ ಹೋರಾಟದವರು, ಮೆರವಣಿಗೆಯಲ್ಲಿ ಮುಂದೆ ಇರುತ್ತಾರೆ. "ಹೋರಾಟ ಬೇರೆ, ಪಕ್ಕದ ಮನೆಯವನ ಗಾಡಿ ಬೇರೆ" ಅಂತ ಅವರೇ ಬೀಗದ ಕೈ ಕೊಡುತ್ತಾರೆ. ಹೋರಾಟದವರನ್ನು ದೂರ ಇಟ್ಟು ಶಾಂತಿ ಕೆಲಸ ಮಾಡುತ್ತೇನೆ ಅನ್ನುವವರು ಇದನ್ನು ತಿಳಿದುಕೊಳ್ಳಬೇಕು.

2016ರ ಸೆಪ್ಟೆಂಬರ್ 12 ಇದಕ್ಕೆಲ್ಲ ಪರೀಕ್ಷೆ. ಬೆಂಗಳೂರಿನಲ್ಲಿ ಕನ್ನಡ ನಟರ ಬಗ್ಗೆ ಫೇಸ್‌ಬುಕ್‌ನಲ್ಲಿ ಏನೋ ಹಾಕಿದ ಅಂತ ಒಬ್ಬ ತಮಿಳು ಹುಡುಗನಿಗೆ ಹೊಡೆದ ವಿಡಿಯೊ ಓಡಾಡಿತು. ಅದಾದ ಮೇಲೆ ರಾಮೇಶ್ವರದಲ್ಲಿ ಕರ್ನಾಟಕದ ಡ್ರೈವರ್‌ಗೆ ಹೊಡೆದ ವಿಡಿಯೊ. ಚೆನ್ನೈನಲ್ಲಿ ಕರ್ನಾಟಕದವರ ಹೋಟೆಲ್‌ಗೆ ಪೆಟ್ರೋಲ್ ಬಾಂಬ್. ಮಧ್ಯಾಹ್ನದ ಹೊತ್ತಿಗೆ ನಮ್ಮ ಕಡೆ ಗಾಡಿ ಉರಿಯತೊಡಗಿದವು, ನಾಯಂಡಹಳ್ಳಿ ಹತ್ತಿರ ಒಂದು ಡಿಪೊದಲ್ಲಿ ಸಾಲಾಗಿ ಬಸ್ಸುಗಳು ಸುಟ್ಟವು. 16 ಠಾಣೆ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು. ಧರ್ಮಪುರಿಯ ಜಗಲಿ ಮೇಲೆ ನನ್ನ ಕೈ ಮಾಡಿದ ಕೆಲಸವನ್ನೇ ಈಗ ಮೊಬೈಲ್ ಮಾಡುತ್ತಿತ್ತು, ಕ್ಷಣದಲ್ಲಿ ಸಾವಿರ ಜಗಲಿಗೆ.

ನಾವು ಪಟ್ಟಿ ಹಿಡಿದು ಫೋನ್ ಹಚ್ಚಿದೆವು. ವಿಡಿಯೊ ಸುಳ್ಳು ಅಂತ ಹೇಳಲಿಲ್ಲ, ಅದು ನಿಜವೇ ಆಗಿತ್ತು. "ನೋಡಿದೆಯಲ್ಲ, ಇನ್ನೊಬ್ಬರಿಗೆ ಕಳಿಸಬೇಡ" ಅಂತ ಮಾತ್ರ ಕೇಳಿಕೊಂಡೆವು. ಮೂರನೇ ಬೀದಿಯ ಹುಡುಗರ ಲೀಡರ್ ಹೇಳಿದ, "ಅಣ್ಣಾ, ನಮ್ಮ ಬೀದಿ ನಂಗೆ ಬಿಡಿ. ಮೇನ್ ರೋಡ್ ನನ್ನ ಕೈಲಿಲ್ಲ." ಹಾಗೇ ಆಯಿತು. ಒಳಗಿನ ಬೀದಿಗಳಲ್ಲಿ ಒಂದು ಕಲ್ಲೂ ಬೀಳಲಿಲ್ಲ. ಮೇನ್ ರೋಡಿನಲ್ಲಿ ಸೇಲಂನ ಒಂದು ಟೆಂಪೊ ನಮ್ಮ ಕಣ್ಣೆದುರೇ ಸುಟ್ಟಿತು. ಅದರ ಡ್ರೈವರ್ ಆ ರಾತ್ರಿ ಟೈಲರ್ ಮನೆಯಲ್ಲಿ ಮಲಗಿದ.

ತಮಿಳರ ಕಡೆಯಿಂದ ನನಗೆ ಬೈಗುಳ ಕಮ್ಮಿ ಇಲ್ಲ. ಪೆಟ್ಟು ತಿಂದವನೇ ಹೋಗಿ ಕೈಮುಗಿಯಬೇಕಾ ಅನ್ನುತ್ತಾರೆ. ಅವರ ಸಿಟ್ಟು ಸುಳ್ಳಲ್ಲ. ಹಲಸೂರು ಕೆರೆ ಹತ್ತಿರದ ತಿರುವಳ್ಳುವರ್ ಪ್ರತಿಮೆ 1991ರಿಂದ 18 ವರ್ಷ ಮುಸುಕು ಹಾಕಿಕೊಂಡೇ ನಿಂತಿತ್ತು. 2009ರ ಆಗಸ್ಟ್ 9ಕ್ಕೆ ಅನಾವರಣ ಆಯಿತು. ನಾಲ್ಕು ದಿನ ಬಿಟ್ಟು ಚೆನ್ನೈನ ಅಯನಾವರಂನಲ್ಲಿ ಸರ್ವಜ್ಞನ ಪ್ರತಿಮೆ. ಒಬ್ಬರಿಗೊಬ್ಬರು ಜಾಮೀನು ಕೊಟ್ಟ ಹಾಗಿತ್ತು! ಆದರೂ ಒಳ್ಳೆಯದೇ ಆಯಿತು ಅಂತ ಅಮ್ಮನನ್ನು ಕರೆದುಕೊಂಡು ಹೋಗಿ ನೋಡಿ ಬಂದೆ.

ಹೊಡೆದವರನ್ನು ಕ್ಷಮಿಸಿದ್ದೀರಾ ಅಂತ ಶಾಲೆಗಳಲ್ಲಿ ಟೀಚರ್‌ಗಳು ತಪ್ಪದೇ ಕೇಳುತ್ತಾರೆ. ಹೌದು ಅನ್ನಲಿ ಅಂತ ಅವರ ಆಸೆ. ನಾನು ಅನ್ನುವುದಿಲ್ಲ. ಅವನು ಬಂದು ಕೇಳಿಲ್ಲ, ನಾನು ಸುಮ್ನೆ ಗಾಳಿಗೆ ಯಾಕೆ ಕೊಡಲಿ? ಮೋಟರಿನ ಸ್ಟೇಟರ್, ಅಂದರೆ ತಿರುಗದೆ ನಿಲ್ಲುವ ಭಾಗದ ಒಳಗೆ ತಂತಿ ಕೂರಿಸುವಾಗ ಇವತ್ತಿಗೂ ಎಡಗೈ ಪೂರ್ತಿ ಚಾಚುವುದಿಲ್ಲ, ಕೆಲಸವನ್ನೇ ನನ್ನ ಕಡೆ ತಿರುಗಿಸಿಕೊಳ್ಳಬೇಕು. ಕ್ಷಮೆ ಇಲ್ಲದೆಯೂ ಈ ಕೆಲಸ ಮಾಡಬಹುದು. ಇನ್ನೊಬ್ಬನ ಮೊಣಕೈ ಮುರಿಯಬಾರದು ಅನ್ನುವಷ್ಟು ಇದ್ದರೆ ಸಾಕು.

2023ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಘೋಷಣೆ ಕೂಗಿದರು, ಖಾಲಿ ಕೊಡ ಹಿಡಿದರು, ಮನೆಗೆ ಹೋದರು. ನಮ್ಮಿಂದ ಆಯಿತು ಅಂತ ಹೇಳಿಕೊಳ್ಳುವುದಿಲ್ಲ, ಪೊಲೀಸರು ಮೊದಲೇ ನಿಷೇಧಾಜ್ಞೆ ಹಾಕಿದ್ದರು. ನಮ್ಮ ಡಿಪೊ ಒಳಗೂ ಗಾಡಿ ತುಂಬಿತ್ತು.

ಶುರು ಮಾಡುವವರಿಗೆ ಒಂದು ಮಾತು. ಶಾಲೆಗೆ ಹೋಗುವುದಾದರೆ ಜೂನ್, ಜುಲೈನಲ್ಲೇ ಹೋಗಿ. ಗಲಾಟೆ ಸುದ್ದಿ ಬಂದ ಮೇಲೆ ಯಾವ ಹೆಡ್‌ಮಾಸ್ಟರೂ ಗೇಟು ತೆಗೆಯುವುದಿಲ್ಲ. ಪಟ್ಟಿಯನ್ನು ವರ್ಷಕ್ಕೊಮ್ಮೆ ಫೋನ್ ಮಾಡಿ ನೋಡಿ, ಅರ್ಧ ನಂಬರ್ ಸತ್ತಿರುತ್ತವೆ. ಮೂರನೇ ಬೀದಿಯ ಆ ಲೀಡರ್ ಈಗ ತುಮಕೂರಿನಲ್ಲಿ ಕೆಲಸದಲ್ಲಿದ್ದಾನೆ. ಮೇನ್ ರೋಡಿನ ಆಟೊ ಸ್ಟ್ಯಾಂಡಿನವರು ಇನ್ನೂ ನಮ್ಮ ಪಟ್ಟಿಯಲ್ಲಿ ಇಲ್ಲ. ಕೇಳಿದಾಗೆಲ್ಲ "ನೋಡೋಣ ಬಿಡಿ" ಅನ್ನುತ್ತಾರೆ. ಅವರ ಅಧ್ಯಕ್ಷರ ಮನೆ ಪಂಪ್ ನನ್ನ ಅಂಗಡಿಗೆ ರಿಪೇರಿಗೆ ಬಂದಿದೆ. ಶನಿವಾರ ಕೊಡಲು ಹೋದಾಗ ಇನ್ನೊಂದು ಸಲ ಕೇಳಬೇಕು.