‘ಅಚ್ಚಳಿಯದ’ ಎಲ್ಲಿ, ‘ಅಳಿಸಲಾಗದ’ ಎಲ್ಲಿ?

ಅಚ್ಚು, ಅಳಿಯದ ಎರಡೂ ಸೇರಿ ‘ಅಚ್ಚಳಿಯದ’ ಆಗಿದೆ. ಒತ್ತಿದ ಅಚ್ಚು ಮಾಸದೆ ಹಾಗೇ ಉಳಿಯುವುದು ಅಂತ ಅರ್ಥ. ಎಷ್ಟು ಚೆಂದದ ಪದ ಅಲ್ವಾ! ನೆನಪು, ಅನುಭವ, ಛಾಪು ಇಂಥವಕ್ಕೆ ಇದೇ ಸರಿ. ನಾಮಪದದ ಮುಂದೆ ‘ಅಚ್ಚಳಿಯದ ನೆನಪು’ ಎನ್ನಿ. ಕ್ರಿಯಾಪದ ಬಂದರೆ ‘ಅಚ್ಚಳಿಯದೆ ಉಳಿದಿದೆ’. ಆ ಕೊನೆಯ ‘ದೆ’ ಬದಲು ‘ದ’ ಹಾಕಿ ‘ಅಚ್ಚಳಿಯದ ಉಳಿದಿದೆ’ ಎಂದು ಬರೆಯುವವರು ಜಾಸ್ತಿ. ಅದು ತಪ್ಪು.

‘ಅಳಿಸಲಾಗದ’ ಎಂದರೆ ಬೇರೆ. ನಾವು ಉಜ್ಜಿದರೂ ಹೋಗದ್ದು. ಮತದಾನದಲ್ಲಿ ಬೆರಳಿಗೆ ಹಚ್ಚುವ, ನಮ್ಮ ಮೈಸೂರಿನಲ್ಲೇ ತಯಾರಾಗುವ ಶಾಯಿ ‘ಅಳಿಸಲಾಗದ ಶಾಯಿ’. 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ಅಂಟಿ, ಬೆಳಕು ಬಿದ್ದಾಗ ಕಪ್ಪಾಗುತ್ತದೆ. ಬಟ್ಟೆಯ ಕಲೆಗೆ ಸುಮ್ನೆ ‘ಹೋಗದ ಕಲೆ’ ಎಂದರೆ ಸಾಕು.