ಚಿಕ್ಕ ಮಕ್ಕಳ ಜೊತೆ ರಾಮೋಜಿ ಫಿಲ್ಮ್ ಸಿಟಿ: ಗೈಡ್ ಬಸ್ಸಿನ ದಿನವನ್ನು ಹೊಂದಿಸುವ ಬಗೆ

ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯ ಗೈಡ್ ಪ್ರವಾಸವನ್ನು ಹೆಣೆದಿರುವುದು ದೊಡ್ಡವರ ಸಿನಿಮಾ ನೆನಪಿಗಾಗಿ. ಈ ಬೀದಿಯಲ್ಲಿ ಯಾವ ಹಾಡು ಚಿತ್ರೀಕರಣವಾಯಿತು, ಆ ಮೆಟ್ಟಿಲ ಮೇಲೆ ಯಾವ ನಾಯಕ ಕುಣಿದ ಎಂದು ಗೈಡ್ ಮೈಕಿನಲ್ಲಿ ಹೇಳುತ್ತಾ ಹೋಗುತ್ತಾರೆ. ನಾಲ್ಕು ವರ್ಷದ ಮಗುವಿಗೆ ಇದರಲ್ಲಿ ಒಂದೂ ತಲೆಗೆ ಹೋಗುವುದಿಲ್ಲ. ಹಾಗಂತ ಮಗುವಿಗೆ ಅಲ್ಲಿ ಏನೂ ಇಲ್ಲವೆಂದಲ್ಲ. ಕೆಂಪು ಬಸ್ಸು, ಸುಳ್ಳು ರೈಲ್ವೆ ಸ್ಟೇಷನ್, ಚಿಟ್ಟೆ, ಹಕ್ಕಿ, ಆಟದ ಅಂಗಳ, ಎಲ್ಲವೂ ಇವೆ. ಬಹಳಷ್ಟು ಕುಟುಂಬಗಳ ದಿನ ಕೆಡುವುದು ಇವನ್ನು ನೋಡುವ ಕ್ರಮ ತಪ್ಪುವುದರಿಂದ.

1996ರಲ್ಲಿ ಶುರುವಾದ ಈ ಫಿಲ್ಮ್ ಸಿಟಿ 1,666 ಎಕರೆಯಷ್ಟಿದೆ. ಜಗತ್ತಿನ ಅತಿ ದೊಡ್ಡ ಫಿಲ್ಮ್ ಸ್ಟುಡಿಯೊ ಸಂಕೀರ್ಣ ಎಂಬ ಗಿನ್ನೆಸ್ ದಾಖಲೆ ಇದರದ್ದು. ಈ ಅಳತೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಹಲವು ಸಲಹೆಗಳು ತಾವಾಗಿಯೇ ಅರ್ಥವಾಗುತ್ತವೆ. ಇಲ್ಲಿ ನಡೆದು ಮುಗಿಸುವ ಮಾತೇ ಇಲ್ಲ. ಮುಖ್ಯ ದ್ವಾರದಿಂದ ಒಳಗಿನ ಯುರೇಕಾ ಎಂಬ ಕೇಂದ್ರಕ್ಕೆ ಬಸ್ಸು, ಅಲ್ಲಿಂದ ಸೆಟ್‌ಗಳಿಗೆ ಗೈಡ್ ಇರುವ ಇನ್ನೊಂದು ಬಸ್ಸು. ಕಾರು ನಿಲ್ಲುವುದು ಹೊರಗಡೆ. ಡೈಪರ್ ಚೀಲವನ್ನೋ ಬದಲಿ ಚಡ್ಡಿಯನ್ನೋ ಕಾರಿನಲ್ಲಿ ಬಿಟ್ಟು ಬಂದರೆ ಸಂಜೆಯವರೆಗೆ ಅದರ ಆಸೆ ಬಿಡಬೇಕು.

ಹೊರಡುವ ಮುನ್ನ

ನವೆಂಬರಿನಿಂದ ಫೆಬ್ರವರಿವರೆಗೆ ಮಕ್ಕಳಿಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಹೈದರಾಬಾದ್ 40 ಡಿಗ್ರಿ ದಾಟುತ್ತದೆ. ಐದು ವರ್ಷದೊಳಗಿನವರನ್ನು ಆಗ ಕರೆದೊಯ್ಯಬೇಡಿ. ಬೇಸಿಗೆ ರಜೆ ಬಿಟ್ಟರೆ ಬೇರೆ ರಜೆಯೇ ಇಲ್ಲ ಅನ್ನುವವರು ಮಧ್ಯಾಹ್ನ ಹನ್ನೆರಡರಿಂದ ಮೂರೂವರೆವರೆಗೆ ಬಿಸಿಲಿಗೆ ಬೀಳದಂತೆ ಯೋಜನೆ ಹಾಕಿಕೊಳ್ಳಿ. ಡಿಸೆಂಬರ್ ಕೊನೆಯ ವಾರದಲ್ಲಿ ಹವೆ ಚೆನ್ನಾಗಿರುತ್ತದೆ, ಜನ ವಿಪರೀತ. ಅದೇ ಹವೆ ಜನವರಿ ಕೊನೆಯ ಮಂಗಳವಾರವೋ ಬುಧವಾರವೋ ಇದ್ದೇ ಇರುತ್ತದೆ, ಆಗ ಸರತಿ ಅರ್ಧಕ್ಕರ್ಧ ಕಡಿಮೆ.

ಮಕ್ಕಳ ಟಿಕೆಟ್ ನಿಗದಿಯಾಗುವುದು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. 33ರಿಂದ 54 ಇಂಚಿನವರೆಗೆ ಮಕ್ಕಳ ದರ. ಮನೆಯಲ್ಲೇ ಚಪ್ಪಲಿ ಬಿಚ್ಚಿಸಿ, ಗೋಡೆಗೆ ನಿಲ್ಲಿಸಿ ಅಳೆದುಕೊಳ್ಳಿ. ಎಂಟು ವರ್ಷದ ಉದ್ದನೆಯ ಹುಡುಗನಿಗೆ ದೊಡ್ಡವರ ಟಿಕೆಟ್ ಬೇಕಾಗಬಹುದು, ಕೌಂಟರಿನಲ್ಲಿ ವಾದಿಸಿ ಪ್ರಯೋಜನವಿಲ್ಲ. ದರ, ಸಮಯ ಆಗಾಗ ಬದಲಾಗುತ್ತವೆ, ಬುಕ್ ಮಾಡುವ ದಿನವೇ ಅವರ ಅಧಿಕೃತ ಜಾಲತಾಣ ನೋಡಿ.

ದಾರಿಯ ವಿಷಯ. ಬೀದರ್, ಕಲಬುರಗಿ ಕಡೆಯಿಂದ ಕಾರಿನಲ್ಲಿ ಬರುವವರು ಜಹೀರಾಬಾದ್ ದಾಟಿ ಪಟಾನ್‌ಚೆರು ಬಳಿ ಹೊರವರ್ತುಲ ರಸ್ತೆ ಹತ್ತಿ ಪೆದ್ದ ಅಂಬರ್‌ಪೇಟೆಯಲ್ಲಿ ಇಳಿಯಿರಿ. ರಾಯಚೂರು, ಬೆಂಗಳೂರು ಕಡೆಯವರು ಶಂಷಾಬಾದ್ ಬಳಿ ಅದೇ ರಸ್ತೆ ಹತ್ತಬಹುದು. ಇಳಿದ ಜಾಗದಿಂದ ವಿಜಯವಾಡ ಹೆದ್ದಾರಿಯಲ್ಲಿ ಸ್ವಲ್ಪವೇ ದೂರ. ಬೆಳಗಿನ ಹೊತ್ತು ಊರೊಳಗಿನಿಂದ ಹೋದರೆ ದಿಲ್‌ಸುಖ್‌ನಗರ, ಎಲ್‌ಬಿ ನಗರದ ದಟ್ಟಣೆಯಲ್ಲೇ ಮಗು ರಚ್ಚೆ ಹಿಡಿಯುತ್ತದೆ. ರೈಲಿನಲ್ಲಿ ಬಂದವರು ಮೆಟ್ರೊದಲ್ಲಿ ಎಲ್‌ಬಿ ನಗರದ ಕೊನೆಯ ನಿಲ್ದಾಣಕ್ಕೆ ಬಂದು ಅಲ್ಲಿಂದ ಬಸ್ಸೋ ಕ್ಯಾಬೋ ಹಿಡಿಯುವುದು ಸುಲಭ. ರಾತ್ರಿಯಿಡೀ ಬಸ್ಸಿನಲ್ಲಿ ಬಂದು ನೇರವಾಗಿ ಗೇಟಿಗೆ ಹೋಗುವ ಸಾಹಸ ಮಾತ್ರ ಬೇಡ. ನಿದ್ದೆಗೆಟ್ಟ ಮಗುವಿಗೆ ಯಾವ ಅರಮನೆಯ ಸೆಟ್ಟೂ ಬೇಡ.

ಚೀಲದಲ್ಲಿ ಏನಿರಬೇಕು

ಹೊರಗಿನ ಊಟ-ತಿಂಡಿ ಒಳಗೆ ಬಿಡುವುದಿಲ್ಲ. ಹಸುಗೂಸಿನ ಆಹಾರ, ಔಷಧಿ ಇದ್ದರೆ ಬೇರೆ ಚೀಲದಲ್ಲಿಟ್ಟು ತಪಾಸಣೆಯ ಹೊತ್ತಿಗೆ ನೀವಾಗಿಯೇ ತೆರೆದು ತೋರಿಸಿ. ಬೆಳಿಗ್ಗೆ ಏಳೂವರೆಯೊಳಗೆ ಇಡ್ಲಿಯೋ ಉಪ್ಪಿಟ್ಟೋ ಹೊಟ್ಟೆ ತುಂಬ ತಿನ್ನಿಸಿ. ಬಸ್ಸಿನಲ್ಲಿ ವಾಂತಿ ಮಾಡುವ ಮಗುವಾದರೆ ಹೊರಡುವ ಮುಂಚೆ ಲೋಟ ತುಂಬ ಹಾಲು ಕುಡಿಸಬೇಡಿ. ನೀರಿನ ಬಾಟಲಿ ಪ್ರತಿ ಮಗುವಿಗೂ ಬೇರೆ ಇರಲಿ. ಒಂದೇ ಬಾಟಲಿಯಾದರೆ ಯಾರು ಎಷ್ಟು ಕುಡಿದರು ಎಂಬ ಲೆಕ್ಕ ಸಿಗುವುದಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಒಮ್ಮೆಯೂ ಒಂದಕ್ಕೆ ಹೋಗಿಲ್ಲವೆಂದರೆ ಮಗು ನೀರು ಸಾಕಷ್ಟು ಕುಡಿದಿಲ್ಲ ಎಂದೇ ತಿಳಿಯಿರಿ. ಓಆರ್‌ಎಸ್ ಇಟ್ಟುಕೊಂಡರೆ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಿ. ಅಂದಾಜಿಗೆ ಚಿಟಿಕೆ ಚಿಟಿಕೆ ಹಾಕಿದರೆ ಉಪ್ಪು ಹೆಚ್ಚಾಗಿ ಕೇಡೇ ಆಗುತ್ತದೆ.

ತಳ್ಳುಗಾಡಿಯ ಬಗ್ಗೆ ಒಂದು ಮಾತು. ದೊಡ್ಡ ತಳ್ಳುಗಾಡಿ ಇಲ್ಲಿ ಹೊರೆ, ಪ್ರತಿ ಬಸ್ಸಿಗೂ ಮಡಚಿ, ಎತ್ತಿ, ಮತ್ತೆ ಬಿಚ್ಚಬೇಕು. ಎರಡು ವರ್ಷದೊಳಗಿನವರಿಗೆ ಎದೆಗೆ ಕಟ್ಟುವ ಚೀಲ ಸಾಕು. ಮೂರು-ನಾಲ್ಕರ ಮಕ್ಕಳಿಗಾಗಿ ಒಂದೇ ಕೈಯಲ್ಲಿ ಮಡಚಬಹುದಾದ ಹಗುರ ಗಾಡಿ ಇದ್ದರೆ ಮಾತ್ರ ತನ್ನಿ. ಟೋಪಿಗೆ ಗಲ್ಲದ ಕೆಳಗೆ ದಾರ ಇರಲಿ, ತೆರೆದ ಬಸ್ಸಿನ ಗಾಳಿಗೆ ಹಾರಿಹೋಗುವ ವಸ್ತುಗಳಲ್ಲಿ ಮೊದಲನೆಯದು ಅದೇ.

ಮೊದಲು ಬಸ್ಸು, ಆಮೇಲೆ ಆಟ

ಗೇಟು ತೆರೆಯುವುದು ಒಂಬತ್ತಕ್ಕೆ. ಎಂಟೂಮುಕ್ಕಾಲಿಗೆ ಅಲ್ಲಿರಿ. ಯುರೇಕಾದಲ್ಲಿ ಇಳಿದ ಕೂಡಲೇ ಬಣ್ಣ, ಸಂಗೀತ, ಅಂಗಡಿ ಎಲ್ಲವೂ ಮಗುವನ್ನು ಸೆಳೆಯುತ್ತವೆ. ಮಕ್ಕಳ ಆಟದ ಜಾಗವಾದ ಫಂಡುಸ್ತಾನ್ ಕೂಡ ಇದೆ. ಹೆಚ್ಚಿನವರು ಎಡವುವುದು ಇಲ್ಲೇ. ಸ್ವಲ್ಪ ಆಡಲಿ ಎಂದು ಬಿಟ್ಟರೆ ಮುಗಿಯಿತು, ಒಂದು ಗಂಟೆಯ ಮೇಲೆ ಎಳೆದು ತರುವಾಗ ಮಗು ಚಂಡಿ ಹಿಡಿಯುತ್ತದೆ, ಅಷ್ಟರಲ್ಲಿ ಗೈಡ್ ಬಸ್ಸಿನ ಸರತಿ ಬೆಳೆದಿರುತ್ತದೆ, ಬಿಸಿಲೂ ಏರಿರುತ್ತದೆ. ಫಂಡುಸ್ತಾನದ ಹೆಸರನ್ನೇ ಎತ್ತಬೇಡಿ. ಶೌಚಾಲಯಕ್ಕೆ ಕರೆದೊಯ್ಯಿರಿ, ‘ಬರುತ್ತಿಲ್ಲ’ ಎಂದರೂ ಒಮ್ಮೆ ಕೂರಿಸಿ, ನಂತರ ನೇರ ಕೆಂಪು ಬಸ್ಸಿಗೆ.

ಬಸ್ಸಿನಲ್ಲಿ ಮಗುವನ್ನು ಅಂಚಿಗೆ ಕೂರಿಸದೆ ಇಬ್ಬರು ದೊಡ್ಡವರ ನಡುವೆ ಕೂರಿಸಿ. ಪಕ್ಕ ತೆರೆದಿರುವುದರಿಂದ ಫೋಟೊಗಾಗಿ ಬಗ್ಗುವ ಅಪ್ಪನನ್ನು ನೋಡಿ ಮಗುವೂ ಬಗ್ಗುತ್ತದೆ. ಗೈಡ್‌ಗಳು ಸಾಮಾನ್ಯವಾಗಿ ತೆಲುಗು, ಹಿಂದಿ, ಇಂಗ್ಲಿಷ್ ಬೆರೆಸಿ ಮಾತಾಡುತ್ತಾರೆ. ಮಗುವಿಗೆ ಇಡೀ ವಿವರಣೆಯನ್ನು ಕನ್ನಡಕ್ಕೆ ತಿರುಗಿಸಲು ಹೋಗಬೇಡಿ, ನೀವೂ ನೋಡಲಾರಿರಿ, ಅದೂ ನೋಡದು. ಒಂದೊಂದು ಸೆಟ್ಟಿಗೆ ಒಂದೊಂದೇ ಪ್ರಶ್ನೆ ಕೇಳಿ: ‘ಈ ಸ್ಟೇಷನ್ನಿಗೆ ನಿಜವಾದ ರೈಲು ಬರುತ್ತಾ ಪುಟ್ಟಾ?’ ‘ಈ ಮನೆಯ ಹಿಂದೆ ಅಡುಗೆಮನೆ ಇದೆಯಾ?’ ಸೆಟ್ಟಿನ ಮನೆಗಳಿಗೆ ಮುಖ ಮಾತ್ರ ಇರುತ್ತದೆ, ಹಿಂದೆ ಕಬ್ಬಿಣದ ಆಸರೆ. ಒಂದೇ ಕಟ್ಟಡದ ಒಂದು ಮುಖ ವಿಮಾನ ನಿಲ್ದಾಣ, ತಿರುವಿನಲ್ಲಿ ಅದೇ ಇನ್ನೇನೋ ಆಗಿರುತ್ತದೆ. ಬಸ್ಸು ತಿರುಗುವ ಮೊದಲೇ ‘ಈಗ ನೋಡು’ ಎಂದು ಎಚ್ಚರಿಸಿ. ಪುರಾಣದ ಸೆಟ್ಟಿನಲ್ಲಿ ಇಳಿದಾಗ, ಮುಟ್ಟಲು ಅಡ್ಡಿಯಿಲ್ಲದ ಕಡೆ, ಕಲ್ಲಿನಂತೆ ಕಾಣುವ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿಸಿ. ಟೊಳ್ಳು ಸದ್ದು ಬಂದಾಗ ಮಗುವಿನ ಮುಖ ನೋಡಬೇಕು! ಸಿನಿಮಾ ಅಂದರೇನು ಎಂಬ ಪಾಠಕ್ಕೆ ಆ ಸದ್ದೊಂದೇ ಸಾಕು.

ಇಳಿದ ಬಸ್ಸೇ ಮತ್ತೆ ಸಿಗುತ್ತದೆ ಎಂದುಕೊಳ್ಳಬೇಡಿ. ಸೀಟಿನಲ್ಲಿ ಸ್ವೆಟರ್, ಬಾಟಲಿ, ಗೊಂಬೆ ಬಿಡಬೇಡಿ. ಗೊಂಬೆ ಕಳೆದರೆ ಮಿಕ್ಕ ದಿನವೂ ಕಳೆದ ಹಾಗೆಯೇ. ಮತ್ತೆ ಎಲ್ಲಿ ಹತ್ತಬೇಕು ಎಂದು ಇಳಿಯುವಾಗಲೇ ಗೈಡ್‌ಗೆ ಕೇಳಿ, ಆ ಫಲಕದ ಫೋಟೊ ತೆಗೆದುಕೊಳ್ಳಿ.

ಕೃಪಾಲು ಗುಹೆಗಳು ಕತ್ತಲೆ, ಕಿರಿದು. ಬೆದರುವ ಮಗುವಾದರೆ ಒಬ್ಬರು ಹೊರಗೆ ಉಳಿಯಿರಿ. ಚಿಟ್ಟೆ ಉದ್ಯಾನ, ಹಕ್ಕಿಗಳ ಉದ್ಯಾನಕ್ಕೆ ಮಾತ್ರ ಧಾರಾಳವಾಗಿ ಹೊತ್ತು ಕೊಡಿ. ಚಿಟ್ಟೆಗಳ ಬಳಿ ಓಡಬಾರದು, ನಿಂತರೆ ಅವೇ ಹತ್ತಿರ ಬರುತ್ತವೆ ಎಂದು ಬಾಗಿಲಲ್ಲೇ ಹೇಳಿಬಿಡಿ. ಬಾಹುಬಲಿ ಸೆಟ್ಟು ದೊಡ್ಡವರಿಗೆ ಬಿಡಲಾಗದ್ದು, ಮಕ್ಕಳಿಗೆ ಹತ್ತು ನಿಮಿಷ ಸಾಕು.

ಊಟ, ನಿದ್ದೆ, ಷೋ

ಊಟಕ್ಕೆ ಹನ್ನೆರಡಕ್ಕೇ ಕೂರಿ. ಒಂದು ಗಂಟೆಗೆ ಹೋದರೆ ಎಲ್ಲರೂ ಅಲ್ಲೇ ಇರುತ್ತಾರೆ. ಆ ಕಡೆಯ ಅಡುಗೆ ಖಾರ. ಮೊಸರನ್ನ ಇದೆಯೇ ಎಂದು ಕೂಪನ್ ತೆಗೆಯುವ ಮುನ್ನವೇ ಕೇಳಿ. ಊಟದ ಮೇಲೆ ಮೂರರೊಳಗಿನವರು ಹೇಗೂ ನಿದ್ದೆಗೆ ಜಾರುತ್ತಾರೆ. ಆ ಮುಕ್ಕಾಲು ಗಂಟೆ ಒಬ್ಬರು ನೆರಳಲ್ಲಿ ಕೂತಿರಲಿ, ಇನ್ನೊಬ್ಬರು ದೊಡ್ಡ ಮಗುವನ್ನು ಮೂವಿ ಮ್ಯಾಜಿಕ್‌ಗೆ ಕರೆದೊಯ್ಯಲಿ. ಅಲ್ಲಿ ಪ್ರೇಕ್ಷಕರಲ್ಲೇ ಒಬ್ಬರನ್ನು ಕರೆದು ನಿಂತಲ್ಲೇ ನಿಂತ ಟಾಂಗಾದ ಮೇಲೆ ಕೂರಿಸಿ ಅಲುಗಾಡಿಸುತ್ತಾರೆ, ಸದ್ದನ್ನು ಬೇರೆಯಾಗಿ ಸೇರಿಸುತ್ತಾರೆ, ಕೊನೆಗೆ ಪರದೆಯಲ್ಲಿ ಟಾಂಗಾ ಓಡುತ್ತದೆ. ಆರು ದಾಟಿದ ಮಕ್ಕಳಿಗೆ ಇಡೀ ದಿನದಲ್ಲಿ ಹೆಚ್ಚು ಹಿಡಿಸುವುದು ಇದೇ.

ಕೌಬಾಯ್ ಸ್ಟಂಟ್ ಷೋದಲ್ಲಿ ಗುಂಡಿನ ಸದ್ದು ಜೋರು. ಹಸುಗೂಸು, ಸದ್ದಿಗೆ ಹೆದರುವ ಮಕ್ಕಳು ಬೇಡ. ಹೋಗಲೇಬೇಕೆಂದರೆ ಹಿಂದಿನ ಸಾಲಿನ ಅಂಚಿನಲ್ಲಿ ಕೂರಿ, ಎದ್ದು ಬರಲು ದಾರಿ ಇರುತ್ತದೆ. ಕಿವಿಗೆ ಹತ್ತಿ ತುರುಕುವುದರಿಂದ ಸದ್ದು ಅಷ್ಟೇನೂ ತಗ್ಗುವುದಿಲ್ಲ, ಮಕ್ಕಳ ಇಯರ್‌ಮಫ್ ತನ್ನಿ. ಕೂತು ಸಾಗುವ ಫಿಲ್ಮಿ ದುನಿಯಾ ನಿಧಾನದ್ದು, ಆದರೆ ಕತ್ತಲು. ಒಳಗೆ ಹೋಗುವ ಮುಂಚೆ ‘ಲೈಟ್ ಆರುತ್ತೆ, ಗೊಂಬೆ ಕಾಣುತ್ತೆ, ಅಮ್ಮ ಪಕ್ಕದಲ್ಲೇ ಇರ್ತಾಳೆ’ ಎಂದು ಹೇಳಿದರೆ ಹೆಚ್ಚಿನ ಮಕ್ಕಳು ಅಳುವುದಿಲ್ಲ.

ಮೂರೂವರೆಯಿಂದ ಫಂಡುಸ್ತಾನ್. ಈಗ ಹೊತ್ತಿನ ಹಂಗಿಲ್ಲ, ದಣಿಯುವವರೆಗೆ ಆಡಲಿ.

ಮಗು ಕಾಣದಿದ್ದರೆ

ಬೆಳಿಗ್ಗೆ ಗೇಟಿನಲ್ಲೇ ಮಗುವಿನ ಒಂದು ಫೋಟೊ ತೆಗೆದುಕೊಳ್ಳಿ, ಆ ದಿನದ ಬಟ್ಟೆ, ಚಪ್ಪಲಿ ಕಾಣುವ ಹಾಗೆ. ಗಾಬರಿಯಲ್ಲಿ ಅಂಗಿಯ ಬಣ್ಣ ನೆನಪಾಗುವುದಿಲ್ಲ. ನಿಮ್ಮ ಫೋನ್ ನಂಬರನ್ನು ಬಾಲ್ ಪೆನ್ನಿನಿಂದ ಮಗುವಿನ ಮೊಣಕೈ ಒಳಭಾಗದಲ್ಲಿ ಬರೆದು, ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಕೊರಳಿಗೆ ನೇತುಹಾಕುವ ಕಾರ್ಡು ಆಟದಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ತಪ್ಪಿಸಿಕೊಂಡರೆ ಇಬ್ಬರೂ ಹುಡುಕಲು ಓಡಬೇಡಿ. ಕೊನೆಯದಾಗಿ ಕಂಡ ಜಾಗದಲ್ಲಿ ಒಬ್ಬರು ನಿಲ್ಲಿ, ಇನ್ನೊಬ್ಬರು ಹತ್ತಿರದ ಸಮವಸ್ತ್ರದ ಸಿಬ್ಬಂದಿಗೆ ಫೋಟೊ ತೋರಿಸಿ.

ಹಬ್ಬದ ದಿನಗಳಲ್ಲಿ ಸಂಜೆಯ ಕಾರ್ನಿವಲ್ ಟಿಕೆಟ್ ಬೇರೆ ಇರುತ್ತದೆ, ರಾತ್ರಿಯವರೆಗೂ ನಡೆಯುತ್ತದೆ. ಐದು ವರ್ಷದೊಳಗಿನವರಿದ್ದರೆ ಅದನ್ನು ಕೊಳ್ಳಬೇಡಿ. ಮುಚ್ಚುವ ಹೊತ್ತಿಗೆ ಯುರೇಕಾದಿಂದ ಗೇಟಿಗೆ ಹೋಗುವ ಬಸ್ಸಿಗೂ ಉದ್ದ ಸರತಿ ಇರುತ್ತದೆ. ಐದಕ್ಕೇ ಹೊರಟರೆ ನಿಂತುಕೊಳ್ಳದೆ ಕೂತು ಹೋಗಬಹುದು.