ಲಗ್ನಪತ್ರಿಕೆಯಲ್ಲಿ ಮಾತನಾಡುವವರು ಯಾರು?

ಸಂಕಥನದೊಳಗೆ, ಅಂದರೆ ಸಂದರ್ಭವೊಂದರಲ್ಲಿ ಬಳಕೆಯಾಗುವ ಮಾತು ಬರಹಗಳೊಳಗೆ, ಅರ್ಥ ಹೇಗೆ ಹುಟ್ಟುತ್ತದೆ ಎಂಬುದನ್ನು ಸಂಕೇತಗಳ ಅಧ್ಯಯನವಾದ ಸಂಕೇತಶಾಸ್ತ್ರದ ನೆರವಿನಿಂದ ಅರಿಯಲು ನಾನು ಲಗ್ನಪತ್ರಿಕೆಗಳನ್ನೂ ಉತ್ತರಕ್ರಿಯೆಯ ಪತ್ರಗಳನ್ನೂ ಆಯ್ದುಕೊಂಡೆ. ಎರಡನೆಯವು ಸಿಗುವುದು ಕಷ್ಟ. ಸಾವಿನ ಪತ್ರ ಮನೆಯಲ್ಲಿರಬಾರದೆಂದು ಹಲವರು ಓದಿದೊಡನೆ ಹರಿದುಹಾಕುತ್ತಾರೆ.

ಒಂದು ಸಂಕೇತದ ಬೆಲೆ ಇತರ ಸಂಕೇತಗಳೊಡನೆ ಅದಕ್ಕಿರುವ ವ್ಯತ್ಯಾಸದಿಂದ ಬರುತ್ತದೆ ಎಂಬ ಸ್ವಿಸ್ ಭಾಷಾವಿಜ್ಞಾನಿ ಸಸ್ಯೂರರ ವಿಚಾರ 1916ರಲ್ಲಿ, ಅವರ ಮರಣಾನಂತರ, ಪ್ರಕಟವಾಯಿತು. ಅದನ್ನು ಅನುಸರಿಸಿ ಎರಡೂ ಬಗೆಯ ಪತ್ರಗಳನ್ನು ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಿದೆ. ‘ಆಗಮಿಸಿ’ ಎಂಬ ಕೋರಿಕೆ ಎರಡರಲ್ಲೂ ಇದೆ. ಆದರೆ ಕೊನೆಯಲ್ಲಿ ಒಂದರಲ್ಲಿ ‘ಆಗಮನಾಭಿಲಾಷಿಗಳು’, ಇನ್ನೊಂದರಲ್ಲಿ ‘ದುಃಖತಪ್ತರು’ ಎಂದಿರುವುದರಿಂದ ಬರುವವರ ಉಡುಗೆ, ಮುಖಭಾವ, ಆಡಬೇಕಾದ ಮಾತು ಎಲ್ಲವೂ ಬೇರೆಯಾಗುತ್ತವೆ.

ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟದ್ದು ‘ಗುರುಹಿರಿಯರು ನಿಶ್ಚಯಿಸಿರುವುದರಿಂದ’ ಎಂಬ ಸಾಲು. ಹುಡುಗ ಹುಡುಗಿ ತಾವೇ ಮೆಚ್ಚಿ ಆಗುವ ಮದುವೆಗಳ ಪತ್ರಿಕೆಗಳಲ್ಲೂ ಅದು ಅಚ್ಚಾಗುತ್ತದೆ. ಏಕೆಂದರೆ ಯಾರು ನಿಶ್ಚಯಿಸಿದರೆಂದು ವರದಿ ಮಾಡುವುದಕ್ಕಿಂತ, ಮದುವೆಯನ್ನು ಹಿರಿಯರ ಒಪ್ಪಿಗೆಯ ನೆರಳಿಗೆ ತರುವುದೇ ಅದರ ಕೆಲಸ. ಅದರ ಜಾಗದಲ್ಲಿ ‘ನಾವಿಬ್ಬರೂ ನಿರ್ಧರಿಸಿರುವುದರಿಂದ’ ಎಂದು ಬರೆದು, ಉಳಿದದ್ದನ್ನು ಹಾಗೆಯೇ ಬಿಟ್ಟು ಓದಿದೆ. ಮೇಲಿನ ‘ನಮ್ಮ ಜ್ಯೇಷ್ಠ ಪುತ್ರಿ’ ತಕ್ಷಣ ತಬ್ಬಲಿಯಾಯಿತು: ಅಲ್ಲಿ ಮಾತನಾಡುತ್ತಿದ್ದವರು ತಂದೆತಾಯಿ, ಇಲ್ಲಿ ಮಾತನಾಡುವವರು ವಧೂವರರು. ‘ತಾವು’ ಎಂಬುದೂ ಮನೆತನದ ಬಂಧುವನ್ನು ಬಿಟ್ಟು ಜೋಡಿಯ ಸ್ನೇಹಿತರತ್ತ ತಿರುಗಿತು. ‘ನಾನು’, ‘ನೀನು’ಗಳಿಗೆ ಆಯಾ ಉಕ್ತಿಯ ಹೊರಗೆ ನೆಲೆಯಿಲ್ಲವೆಂದು ಫ್ರೆಂಚ್ ಭಾಷಾವಿಜ್ಞಾನಿ ಬೆನ್ವೆನಿಸ್ತ್ 1956ರಲ್ಲಿ ವಾದಿಸಿದ್ದು ನನಗೆ ನಿಜವಾಗಿ ಮನದಟ್ಟಾದದ್ದು ಈ ಒಂದು ಬದಲಾವಣೆಯಿಂದ. ಮುಹೂರ್ತವನ್ನೂ ಪೌರೋಹಿತ್ಯವನ್ನೂ ಕೈಬಿಟ್ಟು ಕುವೆಂಪು ರೂಪಿಸಿದ ಮಂತ್ರಮಾಂಗಲ್ಯಕ್ಕೆ ಹಳೆಯ ಪತ್ರಿಕೆಯ ಒಕ್ಕಣೆ ಹೊಂದದಿರುವುದಕ್ಕೂ ಇದೇ ಕಾರಣವೆಂದು ನನಗೆ ತೋರುತ್ತದೆ.

ಅಕ್ಷರಗಳ ಜೊತೆಗೆ ಪತ್ರಿಕೆಯ ಮೂಲೆಯ ಅರಿಶಿನ ಕುಂಕುಮವನ್ನೂ ಓದಬೇಕು. ಬೆರಳಿನಿಂದ ಹಚ್ಚಿದಾಗ ಅದು, ಹೊಗೆ ಬೆಂಕಿಯನ್ನು ತೋರಿಸುವಂತೆ, ಹಚ್ಚಿದ ಕೈಯನ್ನೇ ತೋರಿಸುತ್ತದೆ. ಅಮೆರಿಕದ ತತ್ವಜ್ಞಾನಿ ಚಾರ್ಲ್ಸ್ ಪರ್ಸ್ ‘ಸೂಚಿ’ ಎಂದು ವಿಂಗಡಿಸಿದ ಸಂಕೇತವಿದು. ವಾಟ್ಸ್‌ಆ್ಯಪ್‌ನಲ್ಲಿ ಬರುವ ಪತ್ರಿಕೆಯಲ್ಲಿ ಉಳಿಯುವುದು ಹಳದಿ ಬಣ್ಣದ ಚಿತ್ರ ಮಾತ್ರ. ಒಂದಕ್ಷರವೂ ಬದಲಾಗದ ಅಂಥ ಪತ್ರಿಕೆಯನ್ನು ಪೂರ್ತಿ ಓದಿದ ಮೇಲೂ ‘ನಮ್ಮನ್ನು ಕರೆದೇ ಇಲ್ಲ’ ಎನ್ನುವ ಹಿರಿಯರ ಮಾತನ್ನು ನಾನು ಮುನಿಸೆಂದು ತಳ್ಳಿಹಾಕದೆ ಟಿಪ್ಪಣಿಯಲ್ಲಿ ಬರೆದುಕೊಂಡೆ, ಏಕೆಂದರೆ ಅವರ ಪಾಲಿಗೆ ಮನೆ ಬಾಗಿಲಿಗೆ ಬಂದು, ಕುಂಕುಮವಿಟ್ಟು, ಬಾಯಾರೆ ಕರೆಯುವುದೂ ಆ ಆಹ್ವಾನದ ವಾಕ್ಯದೊಳಗೇ ಸೇರಿದೆ.